ಸ್ಕೈಲ್ಯಾಬ್ ಬಿದ್ದದ್ದು ಯಾಕೆ? ಮಲೆನಾಡಿನ ಅಂಗಳದಿಂದ ಸೂರ್ಯನ ಬಿರುಗಾಳಿಯ ಕತೆ

1979ರ ಜುಲೈ ತಿಂಗಳನ್ನು ನಮ್ಮ ಅಜ್ಜಿ ಇವತ್ತಿಗೂ ಮರೆತಿಲ್ಲ. ಹೊಸನಗರದ ಕಡೆಯ ಹಳ್ಳಿ. ಪುನರ್ವಸು ಮಳೆ ಬಿಡದೆ ಹೊಯ್ಯುತ್ತಿತ್ತು. ಇಡೀ ಕೇರಿಗೆ ಇದ್ದದ್ದು ಒಂದೇ ರೇಡಿಯೋ, ಭದ್ರಾವತಿ ಆಕಾಶವಾಣಿಯ ವಾರ್ತೆ ಹೊತ್ತಿಗೆ ಎಲ್ಲರೂ ನಮ್ಮ ಜಗಲಿಗೆ ಬಂದು ಕೂರುತ್ತಿದ್ದರಂತೆ. "ಅದೆಂತದೋ ಸ್ಕೈಲ್ಯಾಬ್ ಅಂತೆ, ಮನೆಯಷ್ಟು ದೊಡ್ಡದಂತೆ, ಎಲ್ಲಿ ಬೀಳ್ತದೆ ಅಂತ ಬಿಟ್ಟವ್ರಿಗೇ ಗೊತ್ತಿಲ್ಲಂತೆ" ಅಂತ ಸುದ್ದಿ ಹಬ್ಬಿತು. ಪಕ್ಕದ ಮನೆಯವರು ಸಾಕಿದ ಹುಂಜವನ್ನೇ ಕೊಯ್ದು ಸಾರು ಮಾಡಿದರು, ಹೇಗೂ ಎಲ್ಲ ಮುಗೀತದಲ್ಲ ಅಂತ. ಅಜ್ಜಿ ಎರಡು ರಾತ್ರಿ ಮಕ್ಕಳನ್ನೆಲ್ಲ ನಡುಮನೆಯಲ್ಲಿ, ದಪ್ಪ ತೊಲೆಯ ಕೆಳಗೇ ಮಲಗಿಸಿಕೊಂಡು, ಬುಡ್ಡಿ ದೀಪ ಆರಿಸದೆ ಕೂತಿದ್ದರು. ಹಂಚಿನ ಮೇಲೆ ಒಂದು ಕಾಯಿ ಬಿದ್ದರೂ ಎದೆ ಝಲ್ ಅನ್ನುತ್ತಿತ್ತಂತೆ.

ಸ್ಕೈಲ್ಯಾಬ್ ಬಿದ್ದದ್ದು ಜುಲೈ 11ಕ್ಕೆ. ಚೂರುಗಳು ಹಿಂದೂ ಮಹಾಸಾಗರಕ್ಕೂ ಪಶ್ಚಿಮ ಆಸ್ಟ್ರೇಲಿಯಾದ ಬಯಲಿಗೂ ಹೋದವು, ಯಾರಿಗೂ ಪೆಟ್ಟಾಗಲಿಲ್ಲ. ಅದು ಅಮೆರಿಕದ ಮೊದಲ ಬಾಹ್ಯಾಕಾಶ ನಿಲ್ದಾಣ, ಸುಮಾರು 77 ಟನ್ ತೂಕ, 1973ರಲ್ಲಿ ಮೇಲೆ ಹೋಗಿತ್ತು. ಎಂಬತ್ತರ ದಶಕದವರೆಗೂ ಮೇಲೇ ಇರುತ್ತದೆ, ಅಷ್ಟರಲ್ಲಿ ಸ್ಪೇಸ್ ಶಟಲ್ ತಯಾರಾಗುತ್ತದೆ, ಅದರಲ್ಲಿ ಹೋಗಿ ಸ್ವಲ್ಪ ಮೇಲಕ್ಕೆ ತಳ್ಳಿ ಬಂದರಾಯಿತು ಅಂತ ನಾಸಾದವರು ಲೆಕ್ಕ ಹಾಕಿದ್ದರು. ಶಟಲ್ ತಡವಾಯಿತು. ಅದಕ್ಕಿಂತ ಮುಖ್ಯವಾಗಿ, ಸೂರ್ಯ ಲೆಕ್ಕ ತಪ್ಪಿಸಿದ. ಆ ವರ್ಷಗಳಲ್ಲಿ ಸೂರ್ಯನ ಅಬ್ಬರ ಅಂದಾಜಿಗಿಂತ ಜಾಸ್ತಿ ಇತ್ತು, ಅದಕ್ಕೇ ಸ್ಕೈಲ್ಯಾಬ್ ಬೇಗ ಕೆಳಗಿಳಿಯಿತು. ಈ ಮಾತು ಮೊದಲ ಸಲ ಓದಿದಾಗ ನನಗೆ ನಂಬುವುದಕ್ಕೇ ಆಗಲಿಲ್ಲ. 15 ಕೋಟಿ ಕಿಲೋಮೀಟರ್ ದೂರ ಇರುವ ಸೂರ್ಯ, ಭೂಮಿಯ ಪಕ್ಕದಲ್ಲೇ ಸುತ್ತುತ್ತಿರುವ ಒಂದು ಡಬ್ಬಿಯನ್ನು ಕೆಳಗೆ ಬೀಳಿಸುವುದು ಹೇಗೆ?

ಹಾಲು ಕಾಯಿಸುವುದನ್ನು ನೆನಪು ಮಾಡಿಕೊಳ್ಳಿ. ತಣ್ಣಗಿದ್ದಾಗ ಪಾತ್ರೆಯ ಅರ್ಧಕ್ಕಿರುತ್ತದೆ, ಉರಿ ಜೋರಾದರೆ ಅಂಚು ದಾಟಿ ಮೇಲೆ ಬರುತ್ತದೆ. ನಮ್ಮ ವಾತಾವರಣದ ತುತ್ತತುದಿಯೂ ಹಾಗೆಯೇ. 400 ಕಿ.ಮೀ. ಎತ್ತರದಲ್ಲಿ ಗಾಳಿಯೇ ಇಲ್ಲ ಅಂದುಕೊಳ್ಳುತ್ತೇವೆ, ಅಲ್ವಾ? ಇದೆ. ತುಂಬಾ ತೆಳು, ಆದರೆ ಇದೆ. ಸೂರ್ಯನಿಂದ ನೇರಳಾತೀತ ಕಿರಣ, ಎಕ್ಸ್-ರೇ ಜಾಸ್ತಿ ಬಂದರೆ, ಅಥವಾ ಬಿರುಗಾಳಿ ಬಡಿದರೆ, ಆ ಪದರ ಬಿಸಿಯಾಗಿ ಉಬ್ಬಿ ಮೇಲೇರುತ್ತದೆ. ನಿನ್ನೆವರೆಗೂ ಹೆಚ್ಚುಕಡಿಮೆ ಖಾಲಿ ಜಾಗದಲ್ಲಿ ಓಡುತ್ತಿದ್ದ ಉಪಗ್ರಹ ಇವತ್ತು ಸ್ವಲ್ಪ ದಪ್ಪ ಗಾಳಿಯಲ್ಲಿ ಓಡಬೇಕು. ಗಾಳಿ ಹಿಡಿದೆಳೆಯುತ್ತದೆ. ದಿನಕ್ಕೆ ಇಷ್ಟಿಷ್ಟೇ ಅಂತ ಕೆಳಗಿಳಿಯುತ್ತದೆ, ಇಳಿದಷ್ಟೂ ಗಾಳಿ ಇನ್ನೂ ದಪ್ಪ. ಸ್ಕೈಲ್ಯಾಬಿಗೆ ಆದದ್ದು ಅದೇ.

ಸೂರ್ಯನ ಬಿರುಗಾಳಿ ಅಂದರೆ ಹೆಸರು ಕೇಳಿ ಬಿಸಿಗಾಳಿ ಬೀಸಿದ ಹಾಗೆ ಅಂತ ಅಂದುಕೊಳ್ಳುವವರೇ ಜಾಸ್ತಿ. ಬೇಸಿಗೆಯಲ್ಲಿ ಸೆಕೆ ಜೋರಾದರೆ "ಸೌರ ಬಿರುಗಾಳಿ ಎಫೆಕ್ಟು" ಅನ್ನುವ ಮೆಸೇಜುಗಳೂ ಬರುತ್ತವೆ. ನಮ್ಮ ಮೈಗೆ ತಾಗುವ ಶಾಖಕ್ಕೂ ಇದಕ್ಕೂ ಸಂಬಂಧ ಇಲ್ಲ. ಇದು ಕಾಂತದ ಕತೆ, ಅಂದರೆ ಮ್ಯಾಗ್ನೆಟ್ಟಿನದ್ದು.

ಸೂರ್ಯ ನಮ್ಮ ಭೂಮಿಯ ಹಾಗೆ ಗಟ್ಟಿ ಉಂಡೆ ಅಲ್ಲ. ವಿದ್ಯುತ್ ಹರಿಯುವಷ್ಟು ಕುದಿಯುವ ಅನಿಲದ ರಾಶಿ. ಅದರ ನಡುಪಟ್ಟಿ, ಅಂದರೆ ಸಮಭಾಜಕದ ಭಾಗ, ಬೇಗ ತಿರುಗುತ್ತದೆ, ಸುಮಾರು 25 ದಿನಕ್ಕೆ ಒಂದು ಸುತ್ತು, ಧ್ರುವಗಳ ಹತ್ತಿರ ಅದಕ್ಕಿಂತ ಎಷ್ಟೋ ನಿಧಾನ. ಒಳಗಿನ ಕಾಂತದ ಗೆರೆಗಳು ಈ ಹೆಚ್ಚುಕಡಿಮೆ ಓಟದಲ್ಲಿ ಸಿಕ್ಕಿ ಸುತ್ತಿಕೊಳ್ಳುತ್ತವೆ, ತಿರುಚಿಕೊಳ್ಳುತ್ತವೆ. ಹಗ್ಗ ಹೊಸೆಯುವಾಗ ಹುರಿ ಜಾಸ್ತಿ ಆದರೆ ಏನಾಗುತ್ತದೆ ನೋಡಿದ್ದೀರಲ್ಲ, ಹಗ್ಗ ತಾನಾಗಿಯೇ ಗಂಟು ಹಾಕಿಕೊಂಡು ಮೇಲಕ್ಕೆ ಏಳುತ್ತದೆ. ಹಾಗೆ ಎದ್ದ ಗಂಟು ಸೂರ್ಯನ ಮೈಯನ್ನು ಸೀಳಿಕೊಂಡು ಹೊರಬಂದ ಜಾಗವೇ ಸೌರಕಲೆ. ಅಲ್ಲಿ ಕಾಂತ ಎಷ್ಟು ಬಿಗಿ ಅಂದರೆ ಒಳಗಿನ ಬಿಸಿ ಮೇಲೆ ಬರುವುದಕ್ಕೇ ಬಿಡುವುದಿಲ್ಲ. ಸುತ್ತ ಸುಮಾರು 5,500 ಡಿಗ್ರಿ ಇದ್ದರೆ ಕಲೆಯೊಳಗೆ ಅದಕ್ಕಿಂತ ಸಾವಿರ ಎರಡು ಸಾವಿರ ಡಿಗ್ರಿ ಕಡಿಮೆ, ಅದಕ್ಕೇ ಕಪ್ಪಾಗಿ ಕಾಣುತ್ತದೆ. ಹುರಿ ಮಿತಿ ಮೀರಿದಾಗ ಗೆರೆಗಳು ಪಟ್ ಅಂತ ಕಡಿದು ಬೇರೆ ರೀತಿ ಕೂಡಿಕೊಳ್ಳುತ್ತವೆ. ತಿರುಚಿನಲ್ಲಿ ಕೂಡಿಟ್ಟ ಶಕ್ತಿಯೆಲ್ಲ ಆಗ ಹೊರಗೆ ಚಿಮ್ಮುತ್ತದೆ.

2024ರ ಮೇ 10, ಅಕ್ಷಯ ತೃತೀಯ, ಬಸವ ಜಯಂತಿ. ರಜಕ್ಕೆ ಊರಿಗೆ ಹೋಗಿದ್ದೆ. ದೊಡ್ಡಮ್ಮ ಅಂಗಳದಲ್ಲಿ ಚಾಪೆ ಹಾಸಿ ಹಲಸಿನ ಹಪ್ಪಳ ಒಣಗಿಸುತ್ತಿದ್ದರು, ಭರಣಿ ಮಳೆ ಯಾವಾಗ ಬಂದೀತೋ ಅಂತ ಒಂದು ಕಣ್ಣು ಆಕಾಶದ ಮೇಲೇ ಇತ್ತು. 2019ರ ಡಿಸೆಂಬರ್ 26ರ ಗ್ರಹಣಕ್ಕೆ ತಂದಿದ್ದ ಕಪ್ಪು ಕನ್ನಡಕ ಕಪಾಟಿನಲ್ಲಿತ್ತು. ಎಲ್ಲೂ ಗೀರು, ತೂತು ಇಲ್ಲ ಅಂತ ಬೆಳಕಿಗೆ ಹಿಡಿದು ನೋಡಿ, ಹಾಕಿಕೊಂಡು ಮೇಲೆ ನೋಡಿದೆ. ಕಿತ್ತಳೆ ಬಣ್ಣದ ಬಿಲ್ಲೆಯ ಮೇಲೆ ಒಂದು ಕಡೆ ನೊಣ ಕೂತ ಹಾಗೆ ಚುಕ್ಕಿ. ದುರ್ಬೀನು ಇಲ್ಲ, ಏನೂ ಇಲ್ಲ, ಬರೀ ಕನ್ನಡಕ. ದೊಡ್ಡಮ್ಮನೂ ಕೈ ಒರೆಸಿಕೊಂಡು ಬಂದು ನೋಡಿ, "ಹೌದಲ್ಲಾ, ಎಂತದೋ ಕರೀದು ಉಂಟು" ಅಂದರು. ಆ ಚುಕ್ಕಿಯ ಹೆಸರು ಎಆರ್ 13664. ಅಗಲ ಎಷ್ಟಿತ್ತು ಅಂದರೆ ಭೂಮಿಯಂಥ ಹದಿನೈದು ಉಂಡೆಗಳನ್ನು ಸಾಲಾಗಿ ಇಡಬಹುದಿತ್ತು. (ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಗ್ರಹಣದ ಕನ್ನಡಕ ಇಲ್ಲದೆ ಯಾರೂ ಸೂರ್ಯನನ್ನು ನೋಡಬೇಡಿ. ಕೂಲಿಂಗ್ ಗ್ಲಾಸ್, ಹಳೇ ಎಕ್ಸ್-ರೇ ಫಿಲ್ಮು ಯಾವುದೂ ಬೇಡ. ಕಣ್ಣಿನ ಹಿಂದಿನ ಪರದೆ ಸುಟ್ಟರೆ ನೋವೂ ಆಗುವುದಿಲ್ಲ, ಗೊತ್ತೂ ಆಗುವುದಿಲ್ಲ.)

ನಾವು ಹಪ್ಪಳದ ಪಕ್ಕ ನಿಂತು ನೋಡುತ್ತಿದ್ದ ಹೊತ್ತಿಗಾಗಲೇ ಆ ಕಲೆಯಿಂದ ಸಿಡಿದ ಮೋಡಗಳು ಹೊರಟು ಎರಡು ದಿನ ಆಗಿತ್ತು. ಅವು ದಾರಿಯಲ್ಲಿದ್ದವು.

ಇದನ್ನು ಮಲೆನಾಡಿನವರಿಗೆ ವಿವರಿಸುವುದು ಸುಲಭ. ಮೊದಲು ಮಿಂಚು ಕಾಣುತ್ತದೆ, ಆಮೇಲೆ ಗುಡುಗು ಕೇಳುತ್ತದೆ, ಮಳೆ ಗುಡ್ಡ ಹತ್ತಿ ಬರುವುದಕ್ಕೆ ಇನ್ನೂ ಸ್ವಲ್ಪ ಹೊತ್ತು. ಎಲ್ಲ ಒಂದೇ ಮೋಡದ್ದು, ಮುಟ್ಟುವ ಹೊತ್ತು ಬೇರೆ ಬೇರೆ. ಸೂರ್ಯನಲ್ಲಿ ಮಿಂಚಿನ ಜಾಗದಲ್ಲಿ ಇರುವುದು ಸೌರಜ್ವಾಲೆ. ಅದು ಬೆಳಕು, ಎಕ್ಸ್-ರೇ, ನೇರಳಾತೀತ. 8 ನಿಮಿಷ 20 ಸೆಕೆಂಡಿನಲ್ಲಿ ಇಲ್ಲಿಗೆ ಮುಟ್ಟುತ್ತದೆ, ಮುನ್ಸೂಚನೆ ಕೊಡುವುದಕ್ಕೆ ಅವಕಾಶವೇ ಇಲ್ಲ, ಯಾಕೆಂದರೆ ಸುದ್ದಿಯೂ ಅದೇ ಬೆಳಕಿನ ಜೊತೆಯಲ್ಲೇ ಬರಬೇಕು. ಆಗ ಹಗಲಿರುವ ಅರ್ಧ ಭೂಮಿಯಲ್ಲಿ ಶಾರ್ಟ್‌ವೇವ್ ರೇಡಿಯೋ ಮಂಕಾಗುತ್ತದೆ, ಕೆಲವು ಸಲ ಪೂರ್ತಿ ಸತ್ತೇ ಹೋಗುತ್ತದೆ. ಸಾಗರದ ಮೇಲೆ ಹಾರುವ ವಿಮಾನ, ದೂರದ ಹಡಗು, ಹ್ಯಾಮ್ ರೇಡಿಯೋದವರಿಗೆ ಮೊದಲು ಗೊತ್ತಾಗುತ್ತದೆ. ಗುಡುಗಿನ ಜಾಗದಲ್ಲಿ ಇರುವುದು ವೇಗದ ಪ್ರೋಟಾನುಗಳು. ಕೆಲವು ಹತ್ತು ನಿಮಿಷಗಳಿಂದ ಕೆಲವು ಗಂಟೆಗಳ ಒಳಗೆ ಬರುತ್ತವೆ, ಉಪಗ್ರಹಗಳಿಗೂ ಗಗನಯಾತ್ರಿಗಳಿಗೂ ಇವೇ ಕಾಟ. ಕೊನೆಗೆ ಬರುವ ಮಳೆಯೇ ಸಿಎಂಇ, ಕರೋನಲ್ ಮಾಸ್ ಇಜೆಕ್ಷನ್. ಸೂರ್ಯನ ಹೊರ ವಲಯದಿಂದ ಕಿತ್ತುಕೊಂಡು ಹೊರಟ, ತನ್ನದೇ ಕಾಂತವನ್ನು ಹೊತ್ತ ಬಿಸಿ ಅನಿಲದ ಮೋಡ. ಒಂದೊಂದರ ತೂಕ ನೂರು ಕೋಟಿ ಟನ್ ಮುಟ್ಟುತ್ತದೆ. ಇದು ಸಾಮಾನ್ಯವಾಗಿ ಒಂದರಿಂದ ಮೂರು ದಿನ ತೆಗೆದುಕೊಳ್ಳುತ್ತದೆ.

ಆ ಮೋಡ ಬಂದು ಬಡಿದ ಮಾತ್ರಕ್ಕೆ ದೊಡ್ಡ ಬಿರುಗಾಳಿ ಆಗಲೇಬೇಕು ಅಂತ ಇಲ್ಲ. ಈ ವಿಷಯದಲ್ಲಿ ನನಗೆ ಅತಿ ಹೆಚ್ಚು ಹಿಡಿಸಿದ ಸಂಗತಿ ಇದು. ಭೂಮಿಗೂ ತನ್ನದೇ ಕಾಂತದ ಕವಚ ಇದೆ. ಸೂರ್ಯನ ಕಡೆಯ ಮುಖದಲ್ಲಿ ಅದರ ಗೆರೆಗಳು ಉತ್ತರಕ್ಕೆ ಮುಖ ಮಾಡಿವೆ. ಬಂದ ಮೋಡದೊಳಗಿನ ಕಾಂತವೂ ಉತ್ತರಕ್ಕೇ ಇದ್ದರೆ, ಎರಡು ಮ್ಯಾಗ್ನೆಟ್ ಒಂದನ್ನೊಂದು ತಳ್ಳಿದ ಹಾಗೆ, ಬಹುಪಾಲು ಪಕ್ಕಕ್ಕೆ ಸರಿದು ಹೋಗುತ್ತದೆ. ದಕ್ಷಿಣಕ್ಕೆ ಇದ್ದರೆ ಮಾತ್ರ ಎರಡರ ಗೆರೆಗಳು ಕಡಿದು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ, ಕವಚದ ಬಾಗಿಲು ತೆರೆಯುತ್ತದೆ, ಶಕ್ತಿ ಒಳಗೆ ಸುರಿಯುತ್ತದೆ. ತಮಾಷೆ ಮಾತಲ್ಲ, ಅದು ಉತ್ತರವೋ ದಕ್ಷಿಣವೋ ಅನ್ನುವುದನ್ನು ದೂರದಿಂದ ಖಚಿತವಾಗಿ ಹೇಳಲು ಇವತ್ತಿಗೂ ಆಗುವುದಿಲ್ಲ. ಮೋಡ ಬಂದು ಮೈಮೇಲೆ ಹಾದುಹೋದಾಗ ಅಳೆಯಬೇಕು.

ಅಳೆಯುವುದಕ್ಕೆ ಒಂದು ಹೊರಠಾಣೆ ಬೇಕಲ್ಲ, ಅದು ಎಲ್1 ಅನ್ನುವ ಜಾಗ. ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿ.ಮೀ. ಅಲ್ಲಿ ಸೂರ್ಯನ ಎಳೆತ, ಭೂಮಿಯ ಎಳೆತ ಎರಡೂ ಸೇರಿ ಒಂದು ಹದಕ್ಕೆ ಬರುವುದರಿಂದ ನೌಕೆ ಭೂಮಿಯ ಜೊತೆಜೊತೆಗೇ ಸೂರ್ಯನನ್ನು ಸುತ್ತುತ್ತದೆ. ನಮ್ಮ ಇಸ್ರೋದ ಆದಿತ್ಯ-ಎಲ್1 ಇರುವುದು ಅಲ್ಲೇ. 2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟದಿಂದ ಹೊರಟು, 2024ರ ಜನವರಿ 6ರಂದು ಜಾಗ ಸೇರಿತು. ಏಳು ಉಪಕರಣಗಳಿವೆ. ಅದರಲ್ಲಿ ಸೂರ್ಯನ ಬಿಲ್ಲೆಯನ್ನು ಮರೆಮಾಡಿ ಸುತ್ತಲಿನ ಕರೋನಾವನ್ನು, ಅಂದರೆ ಸೂರ್ಯನ ಹೊರ ವಲಯವನ್ನು, ಮಾತ್ರ ನೋಡುವ ವೆಲ್ಕ್ ಅನ್ನುವುದನ್ನು ಮಾಡಿದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಇದೇ ಸಂಸ್ಥೆಯ ಕೊಡೈಕನಾಲ್ ವೀಕ್ಷಣಾಲಯದಲ್ಲಿ ನೂರು ವರ್ಷಕ್ಕೂ ಮೀರಿ ಸೂರ್ಯನ ಚಿತ್ರ ತೆಗೆದು ಜೋಪಾನ ಮಾಡಿಟ್ಟಿದ್ದಾರೆ. ಮೋಡ ಕವಿದರೆ ಕಾದು, ಬಿಟ್ಟರೆ ತೆಗೆದು, ತಲೆಮಾರುಗಟ್ಟಲೆ ಆ ಕೆಲಸ ಮಾಡಿದವರ ಬಗ್ಗೆ ನನಗೆ ತುಂಬಾ ಗೌರವ.

ಎಲ್1ರಲ್ಲಿ ಗೊತ್ತಾದ ಮೇಲೆ ನಮಗೆ ಎಷ್ಟು ಹೊತ್ತು ಸಿಗುತ್ತದೆ? ಲೆಕ್ಕ ನೀವೇ ಹಾಕಿ. ಮೋಡದ ವೇಗ ಸೆಕೆಂಡಿಗೆ 750 ಕಿ.ಮೀ. ಅಂತಿಟ್ಟುಕೊಳ್ಳಿ, ಅಂದರೆ ಶಿವಮೊಗ್ಗದಿಂದ ಬೆಂಗಳೂರಿಗೆ ಅರ್ಧ ಸೆಕೆಂಡೂ ಬೇಡ. 15 ಲಕ್ಷ ಕಿ.ಮೀ.ಗೆ 2,000 ಸೆಕೆಂಡು. ಅರ್ಧ ಗಂಟೆ ಚಿಲ್ಲರೆ. ಒಂದು ದೊಡ್ಡ ಪಾತ್ರೆ ಅನ್ನ ಆಗುವ ಹೊತ್ತು.

ಈ ಕತೆ ಶುರುವಾದದ್ದು 1859ರಲ್ಲಿ. ಸೆಪ್ಟೆಂಬರ್ 1ರ ಬೆಳಿಗ್ಗೆ ಇಂಗ್ಲೆಂಡಿನ ರಿಚರ್ಡ್ ಕ್ಯಾರಿಂಗ್ಟನ್ ಅನ್ನುವವರು ಸೂರ್ಯನ ಬಿಂಬವನ್ನು ಪರದೆಯ ಮೇಲೆ ಬೀಳಿಸಿ ಕಲೆಗಳ ಚಿತ್ರ ಬರೆಯುತ್ತಿದ್ದರು. ಕಲೆಗಳ ನಡುವೆ ಎರಡು ಕಡೆ ಕಣ್ಣು ಕೋರೈಸುವ ಬಿಳಿ ಬೆಳಕು ಎದ್ದಿತು, ಸುಮಾರು ಐದು ನಿಮಿಷದಲ್ಲಿ ಮಾಯವಾಯಿತು. ಹದಿನೇಳು ಹದಿನೆಂಟು ಗಂಟೆ ಕಳೆದ ಮೇಲೆ ಭೂಮಿಯ ಕಾಂತ ಅಲ್ಲಾಡಿಹೋಯಿತು. ಟೆಲಿಗ್ರಾಫ್ ತಂತಿಗಳಲ್ಲಿ ತಾನಾಗಿಯೇ ಕರೆಂಟು ಹರಿಯಿತು, ಕೆಲಸದಲ್ಲಿದ್ದವರಿಗೆ ಶಾಕ್ ಹೊಡೆಯಿತು. ಅಮೆರಿಕದ ಬೋಸ್ಟನ್ ಮತ್ತು ಪೋರ್ಟ್‌ಲ್ಯಾಂಡ್ ಊರುಗಳ ನಡುವಿನ ಆಪರೇಟರುಗಳು ಬ್ಯಾಟರಿ ಬಿಚ್ಚಿಟ್ಟು, ಆಕಾಶದಿಂದ ಬಂದ ಕರೆಂಟಿನಲ್ಲೇ ಸಂದೇಶ ಕಳಿಸಿಕೊಂಡರು. ಮುಂಬೈನ ಕೊಲಾಬಾದಲ್ಲಿ ಆಗಲೇ ಒಂದು ಕಾಂತ ವೀಕ್ಷಣಾಲಯ ಇತ್ತು. ಅಲ್ಲಿ ಭೂಕಾಂತ ಸುಮಾರು 1,600 ನ್ಯಾನೊಟೆಸ್ಲಾದಷ್ಟು (ಕಾಂತದ ಬಲ ಅಳೆಯುವ ಮಾನ) ಕುಸಿದದ್ದು ದಾಖಲಾಗಿದೆ. ಆ ಬಿರುಗಾಳಿ ಎಷ್ಟು ದೊಡ್ಡದಿತ್ತು ಅಂತ ಇವತ್ತು ಜಗತ್ತಿನ ವಿಜ್ಞಾನಿಗಳು ಲೆಕ್ಕ ಹಾಕುವಾಗ ನಮ್ಮ ಕೊಲಾಬಾದ ಪುಸ್ತಕವನ್ನು ನೋಡುತ್ತಾರೆ. ಮುಂದೆ ಮುಂಬೈಗೆ ಎಲೆಕ್ಟ್ರಿಕ್ ಟ್ರಾಮ್ ಬರುವುದು ಗೊತ್ತಾದಾಗ, ಅದರ ಕರೆಂಟು ಅಳತೆ ಕೆಡಿಸುತ್ತದೆ ಅಂತ ಆ ಕೆಲಸವನ್ನು ಅಲಿಬಾಗಿಗೆ ಸಾಗಿಸಿದರು. 1904ರಿಂದ ಅಲ್ಲೇ ನಡೆಯುತ್ತಿದೆ.

2012ರ ಜುಲೈ 23ರಂದು ಕ್ಯಾರಿಂಗ್ಟನ್ ಮಟ್ಟದ್ದೇ ಒಂದು ಸಿಎಂಇ ಸೂರ್ಯನಿಂದ ಹೊರಟಿತ್ತು. ಆಗ ಭೂಮಿ ಆ ದಿಕ್ಕಿನಲ್ಲಿ ಇರಲಿಲ್ಲ, ಅಷ್ಟೇ.

ಈಗ ಕರೆಂಟಿನ ವಿಷಯಕ್ಕೆ ಬರೋಣ, ಯಾಕೆಂದರೆ ಎಲ್ಲರೂ ಮೊದಲು ಕೇಳುವುದು ಅದನ್ನೇ. ನಮ್ಮೂರಲ್ಲಿ ಕರೆಂಟು ಹೋಗುವುದಕ್ಕೆ ಸೂರ್ಯ ಬೇಕಾಗಿಲ್ಲ, ಲೈನಿನ ಮೇಲೆ ಒಂದು ಮತ್ತಿ ಮರದ ಕೊಂಬೆ ಬಿದ್ದರೆ ಸಾಕು. ಸೂರ್ಯನ ಬಿರುಗಾಳಿ ಮಾಡುವುದು ಬೇರೆ ಥರದ ಕೆಲಸ. ಭೂಮಿಯ ಕಾಂತ ಜೋರಾಗಿ ಏರಿಳಿದಾಗ ನೆಲದಲ್ಲೇ ಕರೆಂಟು ಹುಟ್ಟುತ್ತದೆ. ನೂರಾರು ಕಿಲೋಮೀಟರ್ ಉದ್ದದ ಹೈಟೆನ್ಶನ್ ಲೈನು ಎರಡೂ ತುದಿಯಲ್ಲಿ ಅರ್ಥಿಂಗ್ ಆಗಿರುತ್ತದಲ್ಲ, ಆ ಕರೆಂಟಿಗೆ ಅದೇ ಸಲೀಸಾದ ದಾರಿ. ನಮ್ಮ ಲೈನಿನ ಕರೆಂಟು ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುತ್ತದೆ, ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಮಾಡಿರುವುದೇ ಅದಕ್ಕೆ. ಈ ಹೊಸ ಕರೆಂಟು ನಿಮಿಷಗಟ್ಟಲೆ ಒಂದೇ ದಿಕ್ಕಿಗೆ ಹರಿಯುತ್ತದೆ. ಟ್ರಾನ್ಸ್‌ಫಾರ್ಮರಿನ ಒಳಗಿನ ಕಬ್ಬಿಣಕ್ಕೆ ಅದನ್ನು ತಡೆದುಕೊಳ್ಳಲು ಆಗುವುದಿಲ್ಲ. ಗುಂಯ್ಯೆಂದು ಸದ್ದು ಮಾಡುತ್ತದೆ, ಬಿಸಿಯಾಗುತ್ತದೆ, ಲೈನಿನ ಹದ ತಪ್ಪುತ್ತದೆ.

1989ರ ಮಾರ್ಚ್ 13ರ ನಸುಕಿನಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಹೀಗೇ ಆಯಿತು. ರಕ್ಷಣೆಗೆ ಅಂತ ಇಟ್ಟಿದ್ದ ಸಾಧನಗಳು ಒಂದರ ಹಿಂದೊಂದು ಟ್ರಿಪ್ ಆಗಿ, ಸುಮಾರು ಒಂದೂವರೆ ನಿಮಿಷದಲ್ಲಿ ಇಡೀ ಗ್ರಿಡ್ ಮಲಗಿತು. 60 ಲಕ್ಷ ಜನ, ಒಂಬತ್ತು ಗಂಟೆ, ಕೊರೆಯುವ ಚಳಿ. ಅಲ್ಲಿನ ನೆಲ ಗಟ್ಟಿ ಹಳೇ ಬಂಡೆ, ಅದರೊಳಗೆ ಕರೆಂಟು ಸಲೀಸಾಗಿ ಹರಿಯುವುದಿಲ್ಲ, ಹಾಗಾಗಿ ತಂತಿಗೇ ನುಗ್ಗಿತು. ಲೈನುಗಳೂ ತುಂಬಾ ಉದ್ದ, ದೂರದ ಜಲವಿದ್ಯುತ್ ಕೇಂದ್ರಗಳಿಂದ ಬಂದವು.

ಇದನ್ನು ಓದುವಾಗ ನನಗೆ ನೆನಪಾದದ್ದು ನಮ್ಮ ಶರಾವತಿ. ನಮ್ಮದೂ ಬಂಡೆಯ ನೆಲ, 250 ಕೋಟಿ ವರ್ಷಕ್ಕೂ ಹಳೆಯದು. ನಮ್ಮಲ್ಲೂ ನೀರಿನಿಂದ ಕರೆಂಟು ಮಾಡಿ ಗುಡ್ಡ ಕಾಡು ದಾಟಿಸಿ ದೂರದ ಊರಿಗೆ ಕಳಿಸುತ್ತೇವೆ. ಹಾಗಾದರೆ ನಮಗೂ ಅದೇ ಗತಿಯಾ? ಇಲ್ಲ, ಮತ್ತು ಅದಕ್ಕೆ ಕಾರಣ ನಾವಿರುವ ಜಾಗ. ಬಿರುಗಾಳಿ ಹೊತ್ತಿನ ಜೋರಾದ ವಿದ್ಯುತ್ ಹರಿವು ಕಾಂತ ಧ್ರುವಗಳ ಸುತ್ತ, ಧ್ರುವಪ್ರಭೆ (ರಾತ್ರಿ ಆಕಾಶದಲ್ಲಿ ಏಳುವ ಬಣ್ಣದ ಬೆಳಕು, ಅರೋರಾ) ಕಾಣುವ ಪಟ್ಟಿಯಲ್ಲಿ ಇರುತ್ತದೆ. ಕೆನಡಾ, ಸ್ವೀಡನ್, ನಾರ್ವೆ ಎಲ್ಲ ಅದರ ಕೆಳಗೇ ಬರುತ್ತವೆ. ಶಿವಮೊಗ್ಗ ಕಾಂತ ಸಮಭಾಜಕಕ್ಕೆ, ಅಂದರೆ ಎರಡು ಕಾಂತ ಧ್ರುವಗಳ ನಡುವಿನ ಗೆರೆಗೆ, ತೀರ ಹತ್ತಿರ. ಇಲ್ಲಿಯೂ ಸ್ವಲ್ಪ ಕರೆಂಟು ಹುಟ್ಟುತ್ತದೆ, ಆದರೆ ಕ್ವಿಬೆಕ್‌ನಷ್ಟು ಅಲ್ಲ.

ಉಪಗ್ರಹಗಳಿಗೆ ಮಾತ್ರ ಈ ರಿಯಾಯಿತಿ ಇಲ್ಲ. ಅವು ಕೆನಡಾದ ಮೇಲೂ ಹೋಗುತ್ತವೆ, ನಮ್ಮ ಮೇಲೂ ಬರುತ್ತವೆ. ಅವಕ್ಕೆ ಪೆಟ್ಟು ಬೀಳುವುದು ಎಷ್ಟೋ ಬಗೆಯಲ್ಲಿ. ಗಾಳಿ ಉಬ್ಬಿ ಹಿಡಿದೆಳೆಯುವ ಕತೆ ಆಗಲೇ ಹೇಳಿದೆ. 2022ರ ಫೆಬ್ರವರಿ 3ರಂದು ಸ್ಪೇಸ್‌ಎಕ್ಸ್ 49 ಸ್ಟಾರ್‌ಲಿಂಕ್ ಉಪಗ್ರಹಗಳನ್ನು ಹಾರಿಸಿತು. ಮೊದಲು 210 ಕಿ.ಮೀ. ಎತ್ತರದಲ್ಲಿ ಬಿಟ್ಟು, ಎಲ್ಲ ಸರಿ ಇದೆ ಅಂತ ನೋಡಿಕೊಂಡು ಆಮೇಲೆ ಮೇಲಕ್ಕೆ ಒಯ್ಯುವುದು ಅವರ ಆಗಿನ ಪದ್ಧತಿ. ಮರುದಿನವೇ ಒಂದು ಬಿರುಗಾಳಿ ಬಡಿಯಿತು. ಬಿರುಗಾಳಿಗಳನ್ನು ಜಿ1ರಿಂದ ಜಿ5ರವರೆಗೆ ಅಳೆಯುತ್ತಾರೆ, ಇದು ಬರೀ ಜಿ1 ಮಟ್ಟದ್ದು, ಯಾರೂ ತಲೆ ಕೆಡಿಸಿಕೊಳ್ಳದಂಥದ್ದು. ಅಷ್ಟಕ್ಕೇ ಆ ಎತ್ತರದ ಗಾಳಿಯ ಎಳೆತ ಹಿಂದಿನ ಹಾರಾಟಗಳಿಗಿಂತ ಶೇ. 50ರಷ್ಟು ಜಾಸ್ತಿಯಾಯಿತು. ಉಪಗ್ರಹಗಳನ್ನು ಕಾಗದದ ಹಾಳೆಯ ಹಾಗೆ ಅಡ್ಡಡ್ಡ ತಿರುಗಿಸಿ ಗಾಳಿಗೆ ಕಡಿಮೆ ತಾಗುವಂತೆ ಮಾಡಿ ನೋಡಿದರು. ಆದರೂ 38 ಉಳಿಯಲಿಲ್ಲ, ವಾತಾವರಣದಲ್ಲೇ ಉರಿದುಹೋದವು.

ಇನ್ನೊಂದು ಪೆಟ್ಟು ಸ್ಟ್ಯಾಟಿಕ್ ಕರೆಂಟಿನದ್ದು. ಚಳಿಗಾಲದಲ್ಲಿ ಟೆರಿಲಿನ್ ಬಟ್ಟೆ ತೆಗೆಯುವಾಗ ಚಟ್ ಚಟ್ ಅನ್ನುತ್ತದಲ್ಲ, ಅದೇ. ಎಲೆಕ್ಟ್ರಾನುಗಳು ಉಪಗ್ರಹದ ಮೈಮೇಲೆ, ಕೆಲವು ಸಲ ಒಳಗಿನ ವೈರುಗಳ ಹೊದಿಕೆಯಲ್ಲೂ ಸೇರಿಕೊಂಡು, ಒಂದು ಗಳಿಗೆಯಲ್ಲಿ ಕಿಡಿ ಹಾರುತ್ತದೆ. 2010ರ ಏಪ್ರಿಲ್ 5ರಂದು ಒಂದು ಬಿರುಗಾಳಿಯ ಹೊತ್ತಿನಲ್ಲೇ ಗ್ಯಾಲಕ್ಸಿ 15 ಅನ್ನುವ ಸಂಪರ್ಕ ಉಪಗ್ರಹ ಭೂಮಿಯ ಮಾತು ಕೇಳುವುದನ್ನು ನಿಲ್ಲಿಸಿತು. ಪ್ರಸಾರ ಮಾತ್ರ ನಿಲ್ಲಿಸಲಿಲ್ಲ. ಮೂಗುದಾರ ಹರಿದ ಎತ್ತಿನ ಹಾಗೆ, ಪಕ್ಕದ ಉಪಗ್ರಹಗಳ ಜಾಗಕ್ಕೆ ತೇಲಿಕೊಂಡು ಹೋಗುತ್ತಾ ಎಂಟು ತಿಂಗಳು ಎಲ್ಲರಿಗೂ ತಲೆನೋವು ಕೊಟ್ಟಿತು. ಡಿಸೆಂಬರ್‌ನಲ್ಲಿ ಬ್ಯಾಟರಿ ಖಾಲಿಯಾಗಿ, ತಾನೇ ರೀಸೆಟ್ ಆಗಿ, ಮತ್ತೆ ಹಿಡಿತಕ್ಕೆ ಬಂತು.

ಉಪಗ್ರಹಗಳನ್ನು ಕಾಯುವವರು ದೂರದಲ್ಲೇನೂ ಇಲ್ಲ. ಹಾಸನದಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಇದೆ, 36,000 ಕಿ.ಮೀ. ಎತ್ತರದ ನಮ್ಮ ಇನ್‌ಸ್ಯಾಟ್, ಜಿಸ್ಯಾಟ್‌ಗಳ ಲಗಾಮು ಅಲ್ಲಿದೆ. 2024ರ ಮೇ 10ರ ರಾತ್ರಿ, ನಮ್ಮ ಗಡಿಯಾರದಲ್ಲಿ ಹತ್ತೂವರೆ ಆಸುಪಾಸು, ದಾರಿಯಲ್ಲಿದ್ದ ಮೋಡಗಳು ಬಂದು ಬಡಿದವು. 2003ರ ಅಕ್ಟೋಬರ್ ಆದ ಮೇಲೆ ಮೊದಲ ಜಿ5 ಬಿರುಗಾಳಿ. ಮರುದಿನ ಇನ್‌ಸ್ಯಾಟ್-3ಡಿಎಸ್, ಇನ್‌ಸ್ಯಾಟ್-3ಡಿಆರ್‌ಗಳ ನಕ್ಷತ್ರ ಸಂವೇದಕಗಳನ್ನು ಆಫ್ ಮಾಡಿದರು. ಈ ಸಂವೇದಕ ಅಂದರೆ ಒಂದು ಕ್ಯಾಮೆರಾ. ನಕ್ಷತ್ರಗಳನ್ನು ನೋಡಿ ತಾನು ಯಾವ ಕಡೆ ಮುಖ ಮಾಡಿದ್ದೇನೆ ಅಂತ ಉಪಗ್ರಹ ತಿಳಿದುಕೊಳ್ಳುವುದು ಇದರಿಂದ. ಪ್ರೋಟಾನುಗಳು ಬಡಿದಾಗ ಚಿತ್ರದ ತುಂಬ ಬಿಳೀ ಚುಕ್ಕೆ. ಯಾವುದು ನಕ್ಷತ್ರ, ಯಾವುದು ಪ್ರೋಟಾನು ಅಂತ ಗೊತ್ತಾಗದೆ ದಿಕ್ಕು ತಪ್ಪಬಹುದು. ಅದಕ್ಕಿಂತ ಕಣ್ಣು ಮುಚ್ಚಿಸಿ, ಬೇರೆ ಉಪಕರಣದ ಮೇಲೆ ನಡೆಸುವುದೇ ವಾಸಿ. ಕೆಳಗಿನ ಕಕ್ಷೆಯಲ್ಲಿರುವ ಕಾರ್ಟೊಸ್ಯಾಟ್-2ಎಫ್ ಮಾಮೂಲಿ ದಿನ 35-40 ಮೀಟರ್ ಕೆಳಗಿಳಿಯುವುದು, ಮೇ 11ರಂದು 180 ಮೀಟರ್ ಇಳಿಯಿತು. ಸ್ಕೈಲ್ಯಾಬಿಗೆ ಆದದ್ದೇ ಇದಕ್ಕೂ ಆಯಿತು, ಆದರೆ ಈಗ ನೋಡಿಕೊಳ್ಳುವವರಿದ್ದಾರೆ, ಎಂಜಿನ್ ಉರಿಸಿ ಮೇಲಕ್ಕೆ ತಳ್ಳುತ್ತಾರೆ. ನಮ್ಮ ಹವಾಮಾನದ ಚಿತ್ರ ಬರುವುದು ಆ ಇನ್‌ಸ್ಯಾಟ್‌ಗಳಿಂದಲೇ. ಮುಂಗಾರು ಎಲ್ಲಿಗೆ ಬಂತು ಅಂತ ಮೇ ತಿಂಗಳಲ್ಲಿ ದಿನಾ ಮೊಬೈಲಿನಲ್ಲಿ ಮೋಡದ ಚಿತ್ರ ನೋಡುವವರು ನಾವು, ಹಾಸನದಲ್ಲಿ ಆ ರಾತ್ರಿ ನಿದ್ದೆಗೆಟ್ಟವರ ಋಣ ನಮ್ಮ ಮೇಲಿದೆ.

ಕಾಂತ ಸಮಭಾಜಕದ ಹತ್ತಿರ ಇರುವುದರಿಂದ ಕರೆಂಟಿಗೆ ನಾವು ಬಚಾವ್ ಅಂದೆ. ಜಿಪಿಎಸ್‌ಗೆ ಇದೇ ಜಾಗ ಕಷ್ಟದ್ದು. 1963ರಲ್ಲಿ ಕೇರಳದ ತುಂಬಾದಲ್ಲಿ ಮೊದಲ ರಾಕೆಟ್ ಹಾರಿಸಲು ಆ ಮೀನುಗಾರರ ಹಳ್ಳಿಯನ್ನೇ ಹುಡುಕಿ ಆರಿಸಿದ್ದು ಯಾಕೆ ಗೊತ್ತಾ? ಅದು ಕಾಂತ ಸಮಭಾಜಕದ ಮೇಲಿದೆ, ಅಲ್ಲಿನ ಮೇಲಿನ ವಾತಾವರಣ ಭೂಮಿಯಲ್ಲೇ ವಿಚಿತ್ರವಾದದ್ದು. ನೂರು ಕಿ.ಮೀ. ಮೇಲೆ ಅಯಾನುಗೋಳ ಇದೆ, ಸೂರ್ಯನ ಕಿರಣಕ್ಕೆ ಪರಮಾಣುಗಳು ಒಡೆದು ಎಲೆಕ್ಟ್ರಾನು ಬಿಡಿಯಾಗಿರುವ ಪದರ. ಹಗಲೆಲ್ಲ ನಮ್ಮ ನೆತ್ತಿಯ ಮೇಲೆ ಇದು ಕಾರಂಜಿಯ ಹಾಗೆ ಎದ್ದು, ಉತ್ತರಕ್ಕೂ ದಕ್ಷಿಣಕ್ಕೂ ಬಾಗಿ ಇಳಿಯುತ್ತದೆ. ಸಂಜೆ ಆದ ಮೇಲೆ ಅದರೊಳಗೆ ಗುಳ್ಳೆಗಳು ಏಳುತ್ತವೆ. ಜಿಪಿಎಸ್ ಉಪಗ್ರಹ ಇರುವುದು 20,200 ಕಿ.ಮೀ. ಮೇಲೆ, ಅದರ ಸಿಗ್ನಲ್ ಈ ಗುಳ್ಳೆಗಳನ್ನು ಹಾಯ್ದು ಬರುವಾಗ ಮಿನುಗುತ್ತದೆ, ನಕ್ಷತ್ರ ಮಿನುಗಿದ ಹಾಗೆ. ಬಿರುಗಾಳಿ ಬಂದರೆ ಈ ಆಟ ಕೆಲವು ಸಲ ಜೋರಾಗುತ್ತದೆ, ಕೆಲವು ಸಲ ಪೂರಾ ಅಡಗುತ್ತದೆ. ಬಿರುಗಾಳಿ ಬಡಿದಾಗ ನಮ್ಮಲ್ಲಿ ಎಷ್ಟು ಗಂಟೆ ಅನ್ನುವುದರ ಮೇಲೂ ಅದು ನಿಂತಿದೆ. 2024ರ ಮೇ ತಿಂಗಳ ಬಿರುಗಾಳಿಯ ಮುಖ್ಯ ಪೆಟ್ಟು ಇಲ್ಲಿ ಬೆಳಗಿನ ಜಾವ ಬಿತ್ತು, ಅಷ್ಟು ಹೊತ್ತಿಗೆ ನಮ್ಮ ಮೇಲಿನ ಪದರ ಇನ್ನೂ ತೆಳುವಾಗಿತ್ತು, ಹಾಗಾಗಿ ದೊಡ್ಡ ತೊಂದರೆ ಆಗಲಿಲ್ಲ.

ಸ್ವಲ್ಪ ಮಿನುಗಿದರೆ ಏನು ಮಹಾ ಅನ್ನಿಸಬಹುದು. ದಾರಿ ಹುಡುಕುವ ಮ್ಯಾಪಿಗೆ ಏನೂ ಆಗುವುದಿಲ್ಲ, ನಾಲ್ಕೈದು ಮೀಟರ್ ಆಚೀಚೆ ಆದರೂ ತೀರ್ಥಹಳ್ಳಿ ತೀರ್ಥಹಳ್ಳಿಯೇ. ತೊಂದರೆ ಇರುವುದು ಸೆಂಟಿಮೀಟರ್ ಲೆಕ್ಕ ಬೇಕಾದಲ್ಲಿ. ಹೋದ ವರ್ಷ ನಮ್ಮ ಮಾವನ ತೋಟದ ಅಳತೆಗೆ ಬಂದ ಸರ್ವೆಯರ್ ಹಳೇ ಸರಪಳಿ ಬಿಟ್ಟು ರೋವರ್ ತಂದಿದ್ದರು, ಕೋಲಿನ ತುದಿಯಲ್ಲಿ ಬಿಳೀ ಅಣಬೆಯಂಥ ಆಂಟೆನಾ. ಗಡಿಕಲ್ಲಿನ ಮೇಲೆ ಕೋಲಿಟ್ಟು, ಕೈಯಲ್ಲಿನ ಪರದೆಯಲ್ಲಿ "ಫಿಕ್ಸ್" ಅಂತ ಬರುವವರೆಗೂ ಉಸಿರು ಬಿಗಿ ಹಿಡಿದು ನಿಲ್ಲುತ್ತಿದ್ದರು. ಅಡಿಕೆ ಸೋಗೆ ಅಡ್ಡ ಬಂದರೂ ಫಿಕ್ಸ್ ಹೋಗುತ್ತಿತ್ತು, ಬಯಲಿಗೆ ಬಂದರೆ ಸಿಗುತ್ತಿತ್ತು. ಬಿರುಗಾಳಿ ಹೊತ್ತಿನಲ್ಲಿ ಬಯಲಿಗೆ ಬಂದರೂ ಸಿಗದೇ ಹೋಗಬಹುದು. ಆ ಮೇ ತಿಂಗಳಲ್ಲಿ ಅಮೆರಿಕದ ರೈತರಿಗೆ ಆದದ್ದು ಅದೇ. ಅಲ್ಲಿ ಬಿತ್ತನೆ ಹೊತ್ತು, ಟ್ರಾಕ್ಟರುಗಳು ಜಿಪಿಎಸ್ ನೋಡಿಕೊಂಡು ಸಾಲು ಬಿಡುತ್ತವೆ. ಸಾಲು ತಪ್ಪತೊಡಗಿದಾಗ ಎಷ್ಟೋ ಜನ ಟ್ರಾಕ್ಟರು ನಿಲ್ಲಿಸಿ ಮನೆಗೆ ಹೋದರು.

ಇನ್ನು ಸುಮ್ನೆ ಸೂರ್ಯನ ಮೇಲೆ ಹೊರಿಸುವ ಕೆಲವು ಸಂಗತಿಗಳಿವೆ. ಮಳೆ ಬಂದಾಗ ಡಿಶ್ ಟಿವಿ ಕೈಕೊಡುವುದಕ್ಕೆ ಮಳೆಹನಿಯೇ ಕಾರಣ, ಆ ಸಿಗ್ನಲನ್ನು ಹನಿಗಳು ನುಂಗುತ್ತವೆ. ಮಾರ್ಚ್‌ನಲ್ಲೊಮ್ಮೆ, ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೊಮ್ಮೆ, ಕೆಲವು ದಿನ ಸರಿಯಾಗಿ ಅದೇ ಹೊತ್ತಿಗೆ ನಾಲ್ಕೈದು ನಿಮಿಷ ಚಿತ್ರ ಒಡೆಯುವುದು ಸೂರ್ಯನಿಂದಲೇ ಹೌದು, ಆದರೆ ಅದು ಬಿರುಗಾಳಿ ಅಲ್ಲ, ಡಿಶ್ ನೋಡುವ ಉಪಗ್ರಹದ ಬೆನ್ನ ಹಿಂದೆ ಸೂರ್ಯ ಬಂದು ನಿಂತಿರುತ್ತಾನೆ. "ರಾತ್ರಿ 12.30ರಿಂದ 3.30ರವರೆಗೆ ಫೋನ್ ಆಫ್ ಮಾಡಿ, ಕಿರಣ ಬರುತ್ತದೆ" ಅನ್ನುವ ಮೆಸೇಜು ವರ್ಷಕ್ಕೆ ಎರಡು ಸಲವಾದರೂ ಬರುತ್ತದೆ, ಅತ್ತೆ ಪ್ರತಿ ಸಲ ಫೋನ್ ಮಾಡಿ ಕೇಳುತ್ತಾರೆ. ಅದು ಸುಳ್ಳು. ಬಿರುಗಾಳಿಯ ಕಣಗಳು ನಮ್ಮ ಜಗಲಿಯವರೆಗೆ ಬರುವುದಿಲ್ಲ, ನಡುವೆ ಭೂಮಿಯ ಕಾಂತ ಇದೆ, ಅದನ್ನು ದಾಟಿದರೂ ಇಡೀ ವಾತಾವರಣ ಇದೆ. ಫೋನಿನಿಂದ ಫೋನಿಗೆ ಮಾತು ಹೋಗುವುದು ನೆಲದ ಮೇಲಿನ ಟವರಿನಿಂದ. ದಿಂಬಿನ ಪಕ್ಕ ಇಟ್ಟರೂ ಇಡದಿದ್ದರೂ ಸೂರ್ಯನಿಗೆ ಸಂಬಂಧ ಇಲ್ಲ.

2024ರ ಮೇ 10ರ ಆ ಬಿರುಗಾಳಿಯ ರಾತ್ರಿ ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾಯಿತು. ಸುಮಾರು 4,500 ಮೀಟರ್ ಎತ್ತರದ ಅಲ್ಲಿನ ವೀಕ್ಷಣಾಲಯದ ಕ್ಯಾಮೆರಾದಲ್ಲಿ ಉತ್ತರ ದಿಗಂತದ ಮೇಲೆ ಕೆಂಪು ಮಬ್ಬು ಬೆಳಕು ಸೆರೆಯಾಗಿದೆ. ಹಸಿರು ಯಾಕಿಲ್ಲ ಅಂದರೆ, ಧ್ರುವಪ್ರಭೆಯ ಹಸಿರು ಹುಟ್ಟುವುದು ನೂರು ನೂರೈವತ್ತು ಕಿ.ಮೀ. ಎತ್ತರದಲ್ಲಿ, ಕೆಂಪು ಇನ್ನೂರರ ಮೇಲೆ. ದೂರದಿಂದ ನೋಡುವವರಿಗೆ ಭೂಮಿಯ ಬಾಗು ಅಡ್ಡ ಬಂದು ತಲೆಭಾಗ ಮಾತ್ರ ಕಾಣುತ್ತದೆ, ಗುಡ್ಡದ ಆಚೆಗೆ ಬೆಂಕಿ ಬಿದ್ದಾಗ ನಮಗೆ ಮೇಲಿನ ಕೆಂಪಷ್ಟೇ ಕಾಣುವ ಹಾಗೆ. ಮಲೆನಾಡಿಗೆ ಅದು ಕಾಣಲಿಲ್ಲ, ಅಷ್ಟು ದಕ್ಷಿಣಕ್ಕೆ ಬರಲಿಲ್ಲ.

ಸೂರ್ಯನ ಅಬ್ಬರ ಸುಮಾರು ಹನ್ನೊಂದು ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ. ಈಗಿನ ಸುತ್ತು 2019ರ ಡಿಸೆಂಬರಿನಲ್ಲಿ ಶುರುವಾದದ್ದು, ನಮ್ಮ ಗ್ರಹಣದ ತಿಂಗಳೇ. ಏರಿಕೆಯ ತುದಿಯ ಕಾಲ ಮುಟ್ಟಿದೆ ಅಂತ 2024ರ ಅಕ್ಟೋಬರಿನಲ್ಲಿ ವಿಜ್ಞಾನಿಗಳು ಹೇಳಿದರು. ಇನ್ನು ಇಳಿಯುವ ಕಾಲ. ಹಾಗಂತ ಮುಗಿಯಿತು ಅಂತ ಅಲ್ಲ, 2003ರ ಅಕ್ಟೋಬರಿನ ದೊಡ್ಡ ಬಿರುಗಾಳಿಗಳು ಬಂದದ್ದೂ ಆಗಿನ ಸುತ್ತು ಇಳಿಯತೊಡಗಿ ಎರಡು ವರ್ಷ ಆದ ಮೇಲೆ. ಸ್ಕೈಲ್ಯಾಬನ್ನು ಕೆಳಗೆಳೆದದ್ದು ಸೂರ್ಯ ಅಂತ ಅಜ್ಜಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಮಳೇಲಿ ಹದಿನೈದು ದಿನ ಸೂರ್ಯನ ಮುಖವೇ ಕಂಡಿರ್ಲಿಲ್ಲ ಮಾರಾಯ" ಅಂದರು. ಆಮೇಲೆ ಕಪ್ಪು ಕನ್ನಡಕ ಕೇಳಿದರು. ಹೊರಗೆ ಬಿಸಿಲಿತ್ತು. ಕೈ ಹಿಡಿದು ಅಂಗಳಕ್ಕೆ ಕರೆದುಕೊಂಡು ಹೋದೆ.